ಕಸುಬುದಾರ ಬಸವಂತಪ್ಪ ಕಟ್ಟಿದ ಕಂತಿ

ಶರಣ ಬಂಧುಗಳೇ, ತಾಯಂದಿರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿರಿ. ಇದು ಮಠಾಧೀಶರ ಕಥೆಯಲ್ಲ, ಪವಾಡ ಮಾಡಿದವರ ಕಥೆಯೂ ಅಲ್ಲ. ಉತ್ತರ ಕೆರೊಲೈನಾದ ಕ್ಯಾರಿಯಲ್ಲಿ ಪರರ ಬಾಯಿಗೆ ಹಲ್ಲು ಮಾಡಿಕೊಟ್ಟು ಬದುಕುವ ಒಬ್ಬ ಸಾಮಾನ್ಯ ಮನುಷ್ಯನ ಕಥೆ. ಕಸುಬುದಾರ ಎಂಬ ಒಂದು ಪದವನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಅದರ ಅರ್ಥ ತಿಳಿಯಲು ಐವತ್ತೆಂಟು ವರ್ಷ ಹಿಡಿಯಿತು. ತಿಳಿಯುತ್ತ ಹೋದ ಆ ನಾಲ್ಕು ವಾರಗಳಲ್ಲಿ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಬಸವಂತಪ್ಪ ಹುನಗುಂದದ ಕಡೆಯವನು. ಹುಬ್ಬಳ್ಳಿಯಲ್ಲಿ ಹಲ್ಲಿನ ಸೆಟ್ಟು ಕಟ್ಟುವ ವಿದ್ಯೆ ಕಲಿತು, ಅಮೆರಿಕದಲ್ಲಿದ್ದ ಅಕ್ಕ ಹಾಕಿದ ವಲಸೆಯ ಅರ್ಜಿ ಹನ್ನೊಂದು ವರ್ಷಕ್ಕೆ ಕೈಗೂಡಿದ ಮೇಲೆ, ಹೆಂಡತಿ ವಿದ್ಯಾವತಿಯೊಡನೆ ಇಲ್ಲಿಗೆ ಬಂದ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳುಹಿಸುತ್ತಾರೆ. ಆ ಅಚ್ಚನ್ನು ನೋಡಿ ಕ್ಯಾಪು, ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಬಹಳ ನಾಜೂಕಿನ ಕೆಲಸ. ಕೂದಲೆಳೆಯಷ್ಟು ಏರಾದರೂ ಉಣ್ಣುವವನಿಗೆ ಗೊತ್ತಾಗುತ್ತದೆ.

ಆದರೆ ನಮ್ಮ ಜನರ ಕೂಟದಲ್ಲಿ ಅವನು ಈ ಮಾತನ್ನು ಬಿಡಿಸಿ ಹೇಳುತ್ತಿರಲಿಲ್ಲ. ಉತ್ತರ ಕರ್ನಾಟಕದಿಂದ ಬಂದ ಹದಿನಾರು ಮನೆಗಳ ಆ ಕೂಟದಲ್ಲಿ ಹೆಚ್ಚಿನವರು ಎಂಜಿನಿಯರುಗಳು, ವೈದ್ಯರು. ಏನು ಮಾಡುತ್ತೀರೆಂದು ಕೇಳಿದವರಿಗೆ ಡೆಂಟಲ್ ಫೀಲ್ಡಿನಲ್ಲಿದ್ದೇನೆ ಎಂದು ಹೇಳಿ ಮಾತು ತಿರುಗಿಸುತ್ತಿದ್ದ. ಹೊಸದಾಗಿ ಬಂದವರು ಅವನನ್ನು ಡಾಕ್ಟರೆಂದೇ ತಿಳಿದು, ದವಡೆಹಲ್ಲು ಕೀಳಿಸಬೇಕೋ ಬೇಡವೋ ಎಂದು ಊಟದ ಸಾಲಿನಲ್ಲಿ ಬಾಯಿ ತೆರೆದು ತೋರಿಸಿದ್ದುಂಟು. ಅವನು ತಲೆಯಾಡಿಸಿ ನೋಡಿದ್ದೂ ಉಂಟು. ವಿದ್ಯಾವತಿಗೆ ಈ ಸಂಕೋಚ ಇರಲಿಲ್ಲ. ಅವಳು ಜೋಳದ ಹಿಟ್ಟು, ಗುರೆಳ್ಳು, ಶೇಂಗಾಹಿಂಡಿ ಮಾರುವ ಸಣ್ಣದೊಂದು ದಿನಸಿ ಅಂಗಡಿ ಇಟ್ಟುಕೊಂಡಿದ್ದಳು; ಯಾರು ಕೇಳಿದರೂ "ನಾ ಅಂಗಡಿಯಾಕಿ" ಎನ್ನುತ್ತಿದ್ದಳು.

ನಮ್ಮ ಕಡೆ ಕಸುಬುದಾರನೆಂದರೆ ಯಾರೆಂದು ನಿಮಗೆ ಗೊತ್ತಿದೆ. ಸಿಂಪಿಗ, ಬಡಿಗ, ಅಕ್ಕಸಾಲಿಗ, ಹಿಟ್ಟಿನ ಗಿರಣಿಯವನು, ತನ್ನ ಸರಕಿನ ಹುಟ್ಟೂರನ್ನೂ ಬಲ್ಲ ಅಂಗಡಿಯವನು, ಎಲ್ಲರೂ ಆ ಹೆಸರಿನ ಅಡಿಯಲ್ಲಿ ಬರುತ್ತಾರೆ. ಹಾಕಿದ ಬಾಗಿಲು ಬಿಗಿಯಾಗಿ ಕೂತಾಗ ಜನ ಅದೇ ಪದವನ್ನು ಹೊಗಳಿಕೆಯಾಗಿ ನುಡಿಯುತ್ತಾರೆ. ಮಗಳನ್ನು ಕೊಡುವ ಮಾತು ಬಂದಾಗ ಅದನ್ನೇ ಮೂಗು ಮುರಿದು ನುಡಿಯುತ್ತಾರೆ. ಬಸವಂತಪ್ಪನ ಕಿವಿಯಲ್ಲಿ ಎರಡನೆಯ ದನಿಯೇ ಉಳಿದಿತ್ತು. ಅವನ ಸೋದರಮಾವ ಊರಲ್ಲಿ ಇಷ್ಟಲಿಂಗಗಳಿಗೆ ಕಂತಿ ಕಟ್ಟುತ್ತಿದ್ದವನು. ಆ ಮನೆಯ ಹೆಣ್ಣು ಬೇಡವೆಂದು ಇಬ್ಬರು ಬೀಗರು ಎದ್ದು ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಕಂತಿಯೆಂದರೇನು ಎಂಬುದನ್ನು ಅರಿಯದವರಿಗಾಗಿ ಎರಡು ಮಾತು. ಕೊರಳಲ್ಲಿ ಧರಿಸಿ, ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗದ ಒಳಗಿರುವುದು ಒಂದು ಸಣ್ಣ ಶಿಲೆ. ಅದರ ಮೇಲೆ ಹೊಳೆಯುವ ಕಪ್ಪು ಹೊದಿಕೆ ಇರುತ್ತದೆ. ಅದೇ ಕಂತಿ. ಕೇರುಬೀಜದ ಎಣ್ಣೆ, ಭಸ್ಮ, ರಾಳ ಮುಂತಾದವನ್ನು ಅರೆದು, ಪದರದ ಮೇಲೆ ಪದರ ಕೂರಿಸಿ, ಒಣಗಿಸಿ, ಉಜ್ಜಿ ಹೊಳಪು ತರುತ್ತಾರೆ. ಒಂದೊಂದು ಮನೆಯ ಹದ ಒಂದೊಂದು. ಅವನ ಮಾವನಿಗೆ ಒಂದು ಲಿಂಗ ಮುಗಿಯಲು ಒಂದು ತಿಂಗಳು ಬೇಕಾಗುತ್ತಿತ್ತು.

ಎರಡು ಸಾವಿರದ ಇಪ್ಪತ್ತೆರಡರ ಜನವರಿ. ರೋಗದ ಭಯದಿಂದ ಕೂಟದ ಭಾನುವಾರದ ಪ್ರಾರ್ಥನೆ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತಿದ್ದ ಕಾಲ. ಹೊರಗೆ ಮಂಜುಗಡ್ಡೆಯ ಮಳೆ ಬಿದ್ದು ರಸ್ತೆ ಗಾಜಾಗಿತ್ತು. ಮನೆಗಳೊಳಗೆ ಹೀಟರು ಹಗಲಿರುಳು ಉರಿದು ಗಾಳಿ ಒಣಗಿತ್ತು. ಆ ಒಣಹವೆಗೆ ಶಿವಬಸಮ್ಮನವರ ಇಷ್ಟಲಿಂಗದ ಕಂತಿ ಬಿರಿಯಿತು. ಶಿವಬಸಮ್ಮನವರು ಗದಗಿನ ಕಡೆಯ ಎಪ್ಪತ್ತಾರು ವರ್ಷದ ತಾಯಿ. ವೈದ್ಯನಾದ ಮಗ ಸಿದ್ಧಲಿಂಗೇಶನ ಮನೆಗೆ ಹಿಂದಿನ ದಸರೆಯ ಹೊತ್ತಿಗೆ ಬಂದಿದ್ದರು. ಮಂಗಳವಾರ ಬೆಳಿಗ್ಗೆ ಪೂಜೆಗೆ ಕೂತು ನೀರೆರೆದಾಗ ಉಗುರಗಲದ ಒಂದು ಕಪ್ಪು ಚಕ್ಕೆ ಕಳಚಿ ತಟ್ಟೆಯಲ್ಲಿ ಬಿತ್ತು. ಆ ತಾಯಿ ಪೂಜೆಯನ್ನು ನಿಲ್ಲಿಸಿ ಲಿಂಗವನ್ನು ವಸ್ತ್ರದಲ್ಲಿ ಸುತ್ತಿಟ್ಟರು. ಅಂದಿನಿಂದ ಅನ್ನ ಮುಟ್ಟಲಿಲ್ಲ.

ಲಿಂಗಕ್ಕೆ ಊನವಾದರೆ ಉಣ್ಣಬಾರದೆಂಬ ಈ ನೇಮವನ್ನು ಇಲ್ಲಿ ಯಾರಿಗೂ ಬೋಧಿಸುತ್ತಿಲ್ಲ. ಊರಿನ ಮಠದ ಸ್ವಾಮಿಗಳೇ ಫೋನಿನಲ್ಲಿ, ತಾಯೀ, ಬಿರುಕು ಬಿಟ್ಟದ್ದು ಹೊದಿಕೆ ಮಾತ್ರ, ಪೂಜೆ ಮಾಡಿ ಪ್ರಸಾದ ತೆಗೆದುಕೊಳ್ಳಿರೆಂದು ತಿಳಿಹೇಳಿದರು. ಅದು ಅವರ ದಯೆ, ನನ್ನ ನೇಮ ನನ್ನದು ಎಂದುಬಿಟ್ಟರು ಶಿವಬಸಮ್ಮ. ಸಕ್ಕರೆ ಕಾಯಿಲೆಯ ಶರೀರ. ಬುಧವಾರ ಸಂಜೆಯ ಹೊತ್ತಿಗೆ ಕೈ ನಡುಗತೊಡಗಿತು. ಸಿದ್ಧಲಿಂಗೇಶ ಸಾವಿರ ರೋಗಿಗಳನ್ನು ಕಂಡವನು, ತಾಯಿಯ ಮುಂದೆ ಮಗುವಿನಂತೆ ಅತ್ತ. ಅಷ್ಟರಲ್ಲಿ ಯಾರೋ ನೆನಪು ಮಾಡಿಕೊಟ್ಟರು, ಬಸವಂತಪ್ಪನ ಸೋದರಮಾವ ಕಂತಿ ಕಟ್ಟುತ್ತಿದ್ದನೆಂದು.

ಸಿದ್ಧಲಿಂಗೇಶ ಲಿಂಗದ ಗಂಟನ್ನು ಹಿಡಿದು ವಿದ್ಯಾವತಿಯ ಅಂಗಡಿಗೇ ಓಡಿಬಂದ. "ಅಣ್ಣಾರ, ನಾಳಿ ಮಧ್ಯಾಹ್ನದ ಒಳಗ ಏನರ ಮಾಡ್ರಿ. ನಿಮ್ಮನ್ನ ಬಿಟ್ರ ಈ ದೇಶದಾಗ ನನಗ ಯಾರೂ ಇಲ್ಲ" ಎಂದ.

ಬಸವಂತಪ್ಪನಿಗೆ ಆಗಲೇ ಗೊತ್ತಿತ್ತು. ಕೇರುಬೀಜ ಇಲ್ಲಿ ಸಿಕ್ಕುವುದಿಲ್ಲ. ಸಿಕ್ಕರೂ ಒಂದು ಹಗಲಿನಲ್ಲಿ ಆಗುವ ಕೆಲಸವಲ್ಲ. ಮಾವ ಮಾಡಿದ್ದನ್ನು ನೋಡಿದ್ದನೇ ಹೊರತು ತಾನೇ ಒಂದನ್ನೂ ಕಟ್ಟಿದವನಲ್ಲ. ಇದನ್ನು ಹೇಳಲು ಬಾಯಿ ತೆರೆದ. ಎದುರಿಗೆ ನಿಂತ ವೈದ್ಯನ ಮುಖ ನೋಡಿ ಬಾಯಿ ಮುಚ್ಚಿ, ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ಮರುದಿನ ನಸುಕಿನಲ್ಲೇ ಲ್ಯಾಬಿಗೆ ಹೋಗಿ ಬಾಗಿಲು ತೆರೆದ. ಸೆಟ್ಟಿನ ವಸಡು ಮಾಡುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಪುಡಿ ಅವನ ಮೇಜಿನ ಮೇಲೆ ಇತ್ತು. ಗುಲಾಬಿ ಬಣ್ಣದ್ದನ್ನು ಬಿಟ್ಟು ಬಣ್ಣವಿಲ್ಲದ ಪುಡಿಯನ್ನು ತೆಗೆದುಕೊಂಡು, ದೀಪದ ಕಾಡಿಗೆ ಬೆರೆಸಿ ಕಲಸಿದ. ಸಡಿಲಾದ ಕಂತಿಯನ್ನು ಬಿಡಿಸಿ, ಗಟ್ಟಿಯಿದ್ದುದನ್ನು ಹಾಗೇ ಉಳಿಸಿ, ಮೇಲೆ ಹೊಸ ಹೊದಿಕೆ ಕೂರಿಸಿ ಗಟ್ಟಿಯಾಗಿಸಿದ. ಹಲ್ಲಿಗೆ ಹೊಳಪು ಕೊಡುವ ಗಾಲಿಯ ಮೇಲೆ ಹಿಡಿದು ತಿರುಗಿಸಿದ. ಹನ್ನೊಂದು ಗಂಟೆಗೆ ಆ ಲಿಂಗ ಅವನ ಅಂಗೈಯಲ್ಲಿ ಕಣ್ಣಿನ ಪಾಪೆಯಂತೆ ಹೊಳೆಯುತ್ತಿತ್ತು. ಮಾವನ ಕೆಲಸದಲ್ಲೂ ಅಂಥ ಹೊಳಪನ್ನು ಅವನು ನೋಡಿರಲಿಲ್ಲ.

ಇಷ್ಟರಲ್ಲಿ ತಪ್ಪೇನೂ ಇರಲಿಲ್ಲ, ಬಂಧುಗಳೇ. ಹಸಿದ ತಾಯಿಗೆ ಕೈಲಾದದ್ದನ್ನು ಮಾಡಿಕೊಟ್ಟ. ತಪ್ಪು ಬಂದದ್ದು ಆಮೇಲೆ. ಶಿವಬಸಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬೆರಳಿನಿಂದ ಸುತ್ತಲೂ ಸವರಿ ನೋಡಿ, "ಕೇರು ಎಲ್ಲಿ ಸಿಕ್ತೋ ಯಪ್ಪಾ ಈ ದೇಶದಾಗ?" ಎಂದು ಕೇಳಿದರು.

ಬಸವಂತಪ್ಪ ನೆಲ ನೋಡಿದ. "ಸಿಕ್ತವ್ವಾ" ಎಂದ.

ಒಂದೇ ಮಾತು. ಆ ತಾಯಿ ಪೂಜೆ ಮುಗಿಸಿ, ಅರ್ಧ ರೊಟ್ಟಿ, ಒಂದು ಬಟ್ಟಲು ಗಂಜಿ ತೆಗೆದುಕೊಂಡರು. ಮನೆಗೆ ಜೀವ ಬಂತು. ಅವನ ಎರಡೂ ಕೈ ಹಿಡಿದು, "ಕಸುಬುದಾರ ಅಂದ್ರ ನೀನಪಾ" ಎಂದರು. ಜೀವಮಾನವಿಡೀ ಯಾವ ಪದಕ್ಕೆ ಅವನು ಮುಖ ಮರೆಸಿಕೊಂಡಿದ್ದನೋ ಆ ಪದ ಹೀಗೆ ಕೈ ಹಿಡಿದು ಮರ್ಯಾದೆಯಾಗಿ ಬಂದಿತ್ತು. ಬಂದ ಗಳಿಗೆಯಲ್ಲಿ ಅದಕ್ಕೆ ಅವನು ಯೋಗ್ಯನಾಗಿರಲಿಲ್ಲ. ಮನೆಗೆ ಕಾರು ನಡೆಸುವಾಗ ತಿರುಗಿ ಹೋಗಿ ಹೇಳಿಬಿಡಲೇ ಎಂದು ದಾರಿಯಲ್ಲಿ ಎರಡು ಸಲ ನಿಲ್ಲಿಸಿದ.

ಆ ಭಾನುವಾರ ಪ್ರಾರ್ಥನೆಯ ಪರದೆಯ ಮೇಲೆ ಹದಿನಾರು ಮನೆಗಳೂ ಕೂಡಿದ್ದವು. ಶಿವಬಸಮ್ಮ ಅಂಗೈಯನ್ನು ಕ್ಯಾಮೆರಾದ ಮುಂದೆ ಹಿಡಿದು, ಬಸವಂತಪ್ಪ ಈ ಪರದೇಶದಲ್ಲಿ ಕೇರು ಹುಡುಕಿ ತಂದು, ಮಾವನ ಹದ ತಪ್ಪದೆ ಕಂತಿ ಕಟ್ಟಿದನೆಂದು ಎಲ್ಲರಿಗೂ ಸಾರಿದರು. ಬಸವಂತಪ್ಪನ ಮುಖ ಪರದೆಯ ಒಂದು ಮೂಲೆಯ ಚೌಕದಲ್ಲಿತ್ತು. ತನ್ನ ಮುಖವನ್ನು ತಾನೇ ನೋಡುತ್ತ ಕೂರಬೇಕಾದ ಶಿಕ್ಷೆ ಹಿಂದಿನ ಕಾಲದ ಸುಳ್ಳುಗಾರರಿಗೆ ಇರಲಿಲ್ಲ.

ಮರುದಿನದಿಂದ ಫೋನುಗಳು ಬರತೊಡಗಿದವು. ಷಾರ್ಲಟ್ಟಿನ ಬ್ಯಾಲಂಟೈನಿನಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ವಸಂತಾ, ತನ್ನ ಅತ್ತೆಯ ಲಿಂಗದ ಕಂತಿಯೂ ಸವೆದಿದೆ, ಶಿವರಾತ್ರಿಯೊಳಗೆ ಕಟ್ಟಿಕೊಡಬೇಕೆಂದು ಕೇಳಿದಳು. ಚಳಿ ಇಳಿಯಲಿ ಎಂದ ಬಸವಂತಪ್ಪ. ಮತ್ತೊಬ್ಬರು ಕೇಳಿದರು, ಕಣ್ಣು ನೋವೆಂದ. ಒಂದು ಸುಳ್ಳಿಗೆ ಕಾವಲು ನಿಲ್ಲಿಸಲು ದಿನಕ್ಕೊಂದು ಸುಳ್ಳನ್ನು ಕರೆತರಬೇಕಾಯಿತು. ಎರಡನೆಯ ಭಾನುವಾರ ಶಿವಬಸಮ್ಮ ಪರದೆಯಲ್ಲಿ ಅಂಗೈ ತೋರಿಸಿದಾಗ ಲಿಂಗದ ಬುಡದಲ್ಲಿ ಬಿಳಿಯ ಗೆರೆಯೊಂದು ಕಂಡಿತು. ಅಕ್ರಿಲಿಕ್ ಬಿಟ್ಟುಕೊಂಡಿತೆಂದೇ ಅವನು ತಿಳಿದ. ಪ್ರಾರ್ಥನೆ ಮುಗಿಯುವುದರೊಳಗೆ ಎದ್ದು ಅವರ ಮನೆಗೆ ಹೋದ. ಹೋಗಿ ನೋಡಿದರೆ, ಸಂದಿನಲ್ಲಿ ಕೂತ ವಿಭೂತಿ. ಆ ತಾಯಿ ಅವನ ಬೆವರನ್ನು ಕಂಡು, ಚಳಿಯಲ್ಲಿ ಹೀಗೆ ಓಡಾಡಬೇಡವೆಂದು ಶುಂಠಿ ಹಾಕಿ ಚಹಾ ಕೊಡಿಸಿದರು.

ಚಹಾ ಕುಡಿಯುವಾಗಲೇ ಅವರು ಇನ್ನೊಂದು ಮಾತು ಹೇಳಿದರು. ಏಪ್ರಿಲಿನಲ್ಲಿ ಊರಿಗೆ ಹೋದ ಕೂಡಲೇ, ಅಲ್ಲಿಯ ಕಂತಿಯವನಿಂದ ಇದರ ಮೇಲೆಯೇ ಇನ್ನೊಂದು ಕೈ ಹಚ್ಚಿಸುತ್ತಾರಂತೆ. ಅಡಿಪಾಯ ಗಟ್ಟಿ ಇದೆ, ಅವನು ಬರೀ ಕೆಂಡದ ಕಾವಿಗೆ ಹಿಡಿದು ಮೇಲೊಂದು ಪದರ ಎಳೆದರೆ ಸಾಕಂತೆ.

ಕೆಂಡದ ಕಾವು. ಬಸವಂತಪ್ಪನ ಮಾವನೂ ಹಾಗೆಯೇ ಮಾಡುತ್ತಿದ್ದ. ಕೇರಿನ ಕಂತಿ ಕಾವಿಗೆ ಹದಕ್ಕೆ ಬರುತ್ತದೆ. ಅಕ್ರಿಲಿಕ್ ಮೆತ್ತಗಾಗಿ, ನೊರೆಗಟ್ಟಿ, ಹೊತ್ತಿಕೊಳ್ಳುತ್ತದೆ. ಊರಿನ ಆ ಬಡ ಕುಶಲಕರ್ಮಿಯ ಕೈಯಲ್ಲಿ, ಏನೆಂದು ತಿಳಿಯದೆ ಹಿಡಿದ ಇಕ್ಕಳದಲ್ಲಿ, ಐವತ್ತು ವರ್ಷ ಪೂಜೆಗೊಂಡ ಲಿಂಗ ಹೊಗೆಯಾಡುವುದು ಅವನ ಕಣ್ಣಿಗೆ ಕಟ್ಟಿತು. ಒಡೆದರೆ ಆ ತಾಯಿ ಏನಾಗುತ್ತಾರೆ, ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ?

ಹೇಳಿದರೆ ಈಗಲೇ ಅನ್ನ ಬಿಡುತ್ತಾರೆ. ಹೇಳದಿದ್ದರೆ ಏಪ್ರಿಲಿನಲ್ಲಿ ಲಿಂಗ ಸುಡುತ್ತದೆ. ಈ ಎರಡರ ನಡುವೆ ಅವನು ಹತ್ತು ದಿನ ತೂಗಾಡಿದ. ಮೂರು ಕ್ಯಾಪುಗಳು ತಪ್ಪು ಅಳತೆಯೆಂದು ತಿರುಗಿ ಬಂದವು. ಲ್ಯಾಬಿನ ಹದಿನಾರು ವರ್ಷದ ಕೆಲಸದಲ್ಲಿ ಹಾಗೆ ಆಗಿರಲಿಲ್ಲ.

ಒಂದು ಶನಿವಾರ ಅಂಗಡಿಯಲ್ಲಿ ವಿದ್ಯಾವತಿ ಸಾಮಾನು ಜೋಡಿಸುತ್ತಿದ್ದಳು. ಅವನು ಪಕ್ಕದಲ್ಲಿ ನಿಂತಿದ್ದ. ಗಿರಾಕಿಯೊಬ್ಬಳು ಜೋಳದ ಹಿಟ್ಟಿನ ಎರಡು ಚೀಲ ತಂದು ಮುಂದಿಟ್ಟಾಗ, ಇದು ಹೋದ ಮಳೆಗಾಲದ ಜೋಳ, ರೊಟ್ಟಿ ಬಡಿಯುವಾಗ ಸೀಳುತ್ತದೆ, ಅಂಬಲಿಗಾದರೆ ಒಯ್ಯಿರಿ ಎಂದಳು. ಗಿರಾಕಿ ಒಂದು ಚೀಲ ಇಟ್ಟು ಒಂದನ್ನು ಒಯ್ದಳು. ಅವಳು ಹೋದ ಮೇಲೆ ಬಸವಂತಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಇಷ್ಟು ದಿನ ಅವಳಿಗೂ ಹೇಳಿರಲಿಲ್ಲ.

ವಿದ್ಯಾವತಿ ಬೈಯಲಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ಒಂದ್ ಮಾತ್ ಕೇಳ್ತೀನಿ. ನಾಳಿ ಅದನ್ನ ರಿಪೇರಿ ಮಾಡಾವ ಯಾರರ ಇರ್ಲಿ, ಅದರಾಗ ಏನೈತಿ ಅಂತ ಅವಗ ಯಾರು ಹೇಳಬೇಕು?"

"ನಾನ."

"ಮತ್ತ?"

ಅಷ್ಟೇ. ಅವಳು ಮತ್ತೆ ಚೀಲ ಜೋಡಿಸತೊಡಗಿದಳು.

ಬಂಧುಗಳೇ, ಕೈಚಳಕ ಇದ್ದವನು ಕಸುಬುದಾರನೆಂದು ನಾವು ತಿಳಿದಿದ್ದೇವೆ. ಕೈಚಳಕ ಜೇಬುಗಳ್ಳನಿಗೂ ಇರುತ್ತದೆ. ಸರಕು ಮಾರಿದವನೆಲ್ಲ ಅಂಗಡಿಯವನೆಂದೂ ತಿಳಿದಿದ್ದೇವೆ. ಮಾಡಿದ ವಸ್ತು ಕೈಬಿಟ್ಟು ಹೋದ ಮೇಲೂ ಅದರ ಒಳಗಿನ ಗುಟ್ಟಿಗೆ ತಾನೇ ಹೊಣೆಯೆಂದು ನಿಲ್ಲುವವನು, ಕೊಳ್ಳುವವನ ಕಣ್ಣಿಗೆ ಕಾಣದ ಭಾಗವನ್ನು ತನ್ನ ಬಾಯಿಂದ ಕಾಣಿಸುವವನು, ನನ್ನಿಂದ ಇದಾಗದು ಎಂದು ಹೇಳಬಲ್ಲವನು, ಅವನು ಕಸುಬುದಾರ. ತರಕಾರಿಯವಳಾಗಲಿ, ಗಡಿಯಾರ ರಿಪೇರಿಯವನಾಗಲಿ, ಈ ಪದಕ್ಕೆ ಬೇರೆ ಅರ್ಥವಿದ್ದರೆ ಅದು ಅರ್ಧ ಅರ್ಥ. ಬಸವಂತಪ್ಪನಿಗೆ ಇದು ಹೊಳೆದದ್ದು ಧ್ಯಾನದಲ್ಲಲ್ಲ, ಜೋಳದ ಹಿಟ್ಟಿನ ಚೀಲಗಳ ನಡುವೆ. ಹೊಳೆದ ಕೂಡಲೇ ಧೈರ್ಯ ಬಂತೆಂದು ತಿಳಿಯಬೇಡಿರಿ. ಭಯ ಇಮ್ಮಡಿಯಾಯಿತು. ಇನ್ನು ತಪ್ಪಿಸಿಕೊಳ್ಳಲು ದಾರಿ ಉಳಿದಿರಲಿಲ್ಲ.

ಮೊದಲು ಮಗನಿಗೆ ಹೇಳುವುದು ನ್ಯಾಯವೆಂದು ಅವನು ಸಿದ್ಧಲಿಂಗೇಶನಿಗೆ ಫೋನು ಮಾಡಿದ. ಎಲ್ಲ ಕೇಳಿ ಸಿದ್ಧಲಿಂಗೇಶ ದನಿ ತಗ್ಗಿಸಿ, "ಅಣ್ಣಾರ, ಅವ್ವನ ಶುಗರ್ ಈಗರ ಕಂಟ್ರೋಲಿಗೆ ಬಂದೈತಿ. ಕೈ ಮುಗಿತೀನಿ, ಬಾಯಿ ಬಿಡಬ್ಯಾಡ್ರಿ. ಏಪ್ರಿಲಿನ ಚಿಂತಿ ಏಪ್ರಿಲಿಗೆ" ಎಂದ. ಬಸವಂತಪ್ಪ ಕೆಂಡದ ವಿಷಯ ಹೇಳಿದ. ಆದರೂ ವೈದ್ಯ ಬೇಡವೆಂದ. ಕೊನೆಗೆ, ಆಕೆಗೇನಾದರೂ ಆದರೆ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ ಎಂದು ಹೇಳಿ ಫೋನಿಟ್ಟ.

ಭಾನುವಾರ ಬಸವಂತಪ್ಪ ಗಡಿಯಾರ ನೋಡುತ್ತ ಕುಳಿತ. ಆ ತಾಯಿಯ ಪ್ರಾರ್ಥನೆ ಮುಗಿಯಲಿ, ಊಟವಾಗಲಿ, ಹೊಟ್ಟೆ ತುಂಬಿದ ಮೇಲೆ ಹೇಳಿದರೆ ಒಂದು ದಿನದ ಬಲವಾದರೂ ಇರುತ್ತದೆಂದು ಲೆಕ್ಕ ಹಾಕಿದ್ದಳು ವಿದ್ಯಾವತಿ. ಎರಡು ಗಂಟೆಗೆ ಇಬ್ಬರೂ ಹೋದರು. ಸಿದ್ಧಲಿಂಗೇಶ ಬಾಗಿಲಲ್ಲಿ ಅಡ್ಡ ನಿಂತ. ಒಳಗಿನಿಂದ ತಾಯಿ ಯಾರದೆಂದು ಕೇಳಿದ ಮೇಲೆ ಸರಿದ.

ಬಸವಂತಪ್ಪ ಆಕೆಯ ಮುಂದೆ ನೆಲದ ಮೇಲೆ ಕೂತು, ಕೇರು ಸಿಗಲಿಲ್ಲವೆಂಬುದರಿಂದ ಹಿಡಿದು ಹೊಳಪಿನ ಗಾಲಿಯವರೆಗೆ ಒಂದನ್ನೂ ಬಿಡದೆ ಹೇಳಿದ. ಹೇಳುವಾಗ ಅವನ ಕಣ್ಣು ಆಕೆಯ ಕೊರಳಿನ ವಸ್ತ್ರದ ಮೇಲೆಯೇ ಇತ್ತು. ಮುಗಿದ ಮೇಲೆ ಶಿವಬಸಮ್ಮ ಕೇಳಿದರು.

"ಅಂದು ಸಿಕ್ತು ಅಂದಿ."

"ಅಂದೆ ಯವ್ವಾ."

"ಯಾಕ ಅಂದಿ?"

"ಹೆದರಿಕಿ ಆತು. ನೀವು ಉಣ್ಣೂದಿಲ್ಲ ಅಂತ."

ಆ ತಾಯಿ ಲಿಂಗವನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮಗ ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟ. ನಾಡಿ ಹಿಡಿಯುತ್ತಿದ್ದನೋ, ತಡೆಯುತ್ತಿದ್ದನೋ ಹೇಳಲಾಗದು. ಅವರು ಅಕ್ರಿಲಿಕ್ಕಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಅವರ ನೋವಿಗೆ ಕಾರಣ ಬೇರೆ ಇತ್ತು.

"ಹಲ್ಲಿನ ಸಾಮಾನ ಆದ್ರೇನು, ನೀ ಶುದ್ಧ ಕೈಯಿಂದ ಮಾಡೀದಿ. ಅದಕ್ಕ ನನಗ ಸಿಟ್ಟಿಲ್ಲ. ನೀ ಹೇಳಿದ್ದನ್ನ ನಂಬಿ ನಾ ಹದಿನಾರು ಮನಿ ಮುಂದ ಲಿಂಗ ಕೈಯಾಗ ಹಿಡದು ಸಾರಿದೆ. ಲಿಂಗದ ಮುಂದ ನನ್ನ ಬಾಯಿಲೆ ಸುಳ್ಳ ಹೇಳಿಸಿದ್ಯಲ್ಲೋ. ಈ ಬಾಯಿಲೆ ಹೆಂಗ ಉಣ್ಲಿ?"

ಇದನ್ನು ಯಾರೂ ಎಣಿಸಿರಲಿಲ್ಲ. ತನ್ನ ಸುಳ್ಳು ತನ್ನ ಬಾಯಲ್ಲೇ ಉಳಿದಿದೆಯೆಂದು ಬಸವಂತಪ್ಪ ತಿಳಿದಿದ್ದ. ಅದು ಒಬ್ಬ ನಿಷ್ಠೆಯ ಮುದುಕಿಯ ನಾಲಿಗೆಯ ಮೇಲೆ ಹತ್ತಿ ಹದಿನಾರು ಮನೆ ತಿರುಗಿ ಬಂದಿತ್ತು. ಆ ಮನೆಗಳವರೆಲ್ಲ ಕೂಡಿದ ಕಡೆ ನಿಜ ನುಡಿದ ಮೇಲೆಯೇ ತುತ್ತು ಎತ್ತುವುದಾಗಿ ಶಿವಬಸಮ್ಮ ಹೇಳಿದರು. ಮುಂದಿನ ಭಾನುವಾರಕ್ಕೆ ಏಳು ದಿನ ಇತ್ತು.

ಸೋಮವಾರ ಬೆಳಗಾಯಿತು. ಅವರು ಪೂಜೆಗೆ ಕೂರಲಿಲ್ಲ, ಗುಳಿಗೆ ತೆಗೆದುಕೊಳ್ಳಲಿಲ್ಲ. ಸಿದ್ಧಲಿಂಗೇಶ ಆಸ್ಪತ್ರೆಗೆ ರಜೆ ಹೇಳಿ, ಬಸವಂತಪ್ಪನ ಮುಖ ನೋಡದೆ, ಕೂಟದವರಿಗೆ ಫೋನು ಹಚ್ಚುತ್ತ ಹೋದ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಪರದೆಯ ಮೇಲೆ ಬರಬೇಕು, ಹತ್ತು ನಿಮಿಷ ಸಾಕು. ಕೆಲಸದ ದಿನ. ಒಬ್ಬರು ಮೀಟಿಂಗಿನಲ್ಲಿ, ಒಬ್ಬರು ಮಗುವನ್ನು ಶಾಲೆಯಿಂದ ಕರೆತರುವ ದಾರಿಯಲ್ಲಿ. ಅಟ್ಲಾಂಟಾದ ಆಚೆ ಕಮ್ಮಿಂಗಿನಲ್ಲಿದ್ದ ಕುಟುಂಬ ಕಾರು ಬದಿಗೆ ನಿಲ್ಲಿಸಿ ಫೋನಿನಿಂದಲೇ ಸೇರಿತು. ಹನ್ನೆರಡೂವರೆಗೆ, ಅಲ್ಲೇ ಇದ್ದ ಬಸವಂತಪ್ಪನ ಮನೆಯನ್ನೂ ಎಣಿಸಿ, ಹದಿನಾಲ್ಕು ಮನೆಗಳಾದವು. ಒಂದು ಗಂಟೆಗೆ ಹದಿನೈದು. ವಸಂತಾ ಒಬ್ಬಳೇ ಇಲ್ಲ. ಬ್ಯಾಂಕಿನವರು ಫೋನು ಹೊರಗಿಡಿಸಿಕೊಂಡು ಏನೋ ತರಬೇತಿ ನಡೆಸುತ್ತಿದ್ದರು.

ಹದಿನೈದು ಮನೆ ಸಾಕಲ್ಲವೇ ಎಂದು ಮಗ ಅಂಗಲಾಚಿದ. ಸಾರಿದ್ದು ಹದಿನಾರು ಮನೆಗೆ ಎಂದರು ತಾಯಿ. ಅವರ ತುಟಿ ಒಣಗಿ ಬಿಳುಚಿತ್ತು. ಬೆರಳ ತುದಿಯಿಂದ ರಕ್ತ ತೆಗೆದು ನೋಡಿದ ಸಿದ್ಧಲಿಂಗೇಶ ಅಂಕಿಯನ್ನು ಯಾರಿಗೂ ಹೇಳದೆ ಯಂತ್ರವನ್ನು ಜೇಬಿಗೆ ಹಾಕಿಕೊಂಡ. ಬಸವಂತಪ್ಪ ಗೋಡೆಗೆ ಒರಗಿ ನಿಂತಿದ್ದ. ಮನಸ್ಸಿನಲ್ಲಿ ಶಿವನಾಮ ನುಡಿಯಲು ಯತ್ನಿಸಿದರೆ ಅಲ್ಲಿಯೂ ಬ್ಯಾಂಕಿನ ಬಾಗಿಲೇ ಬರುತ್ತಿತ್ತು. ಈ ಹಟವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅಂದು ಆ ಮನೆಯಲ್ಲಿದ್ದ ಯಾರೂ ಅದನ್ನು ಹೊಗಳಲಿಲ್ಲ. ಎಲ್ಲರೂ ಬರೀ ಹೆದರಿದ್ದರು.

ಒಂದೂಕಾಲಿಗೆ ವಿದ್ಯಾವತಿ ಆ ಬ್ಯಾಂಕಿನ ಸ್ವಾಗತಕಾರಿಣಿಗೇ ಫೋನು ಮಾಡಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಒಬ್ಬ ತಾಯಿಯ ಊಟ ನಿಮ್ಮ ಕೈಯಲ್ಲಿದೆ ಎಂದಳು. ಆ ಹೆಣ್ಣುಮಗಳು ಏನು ತಿಳಿದುಕೊಂಡಳೋ, ವಸಂತಾಳನ್ನು ಹೊರಗೆ ಕರೆದಳು. ಒಂದೂ ಇಪ್ಪತ್ತೇಳಕ್ಕೆ ಹದಿನಾರನೆಯ ಮನೆಯ ಚೌಕ ಬೆಳಗಿತು.

ಬಸವಂತಪ್ಪ ಮೊದಲು ತಾನು ಮಾತಾಡುತ್ತೇನೆಂದು ಮುಂದೆ ಬಂದ. "ನಾ ಡಾಕ್ಟರಲ್ರಿ. ಹಲ್ಲಿನ ಸೆಟ್ಟು ಮಾಡಾವ. ಈ ಅವ್ವನ ಲಿಂಗಕ್ಕ ನಾ ಹಾಕಿದ್ದು ಸೆಟ್ಟಿಗೆ ಹಾಕೂ ಅಕ್ರಿಲಿಕ್, ಕೇರಲ್ಲ. ಕೇರು ಅಂತ ಸುಳ್ಳ ಹೇಳಿದೆ. ಆಕಿ ನನ್ನ ನಂಬಿ ನಿಮಗ ಹೇಳ್ಯಾಳ. ತಪ್ಪು ಆಕಿದಲ್ಲ." ಅಷ್ಟು ಹೇಳಿ ಸರಿದು ನಿಂತ. ಶಿವಬಸಮ್ಮ ಅಂಗೈಯ ಲಿಂಗವನ್ನು ತೋರಿಸಿ, ಅಂದು ತಾನು ಹೇಳಿದ್ದು ನಿಜವಲ್ಲ, ಇಂದು ಕೇಳಿದ್ದು ನಿಜ ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಪರದೆಯ ಆಚೆ ಯಾರದೋ ಕಚೇರಿಯಲ್ಲಿ ಫೋನು ರಿಂಗಣಿಸಿ ನಿಂತಿತು.

ಆಮೇಲೆ ಅದೇ ಲಿಂಗಕ್ಕೆ, ಅದೇ ಹೊದಿಕೆಯ ಮೇಲೆ, ಅವರು ನೀರೆರೆದು ಪೂಜೆ ಮಾಡಿದರು. ವಿದ್ಯಾವತಿ ಅನ್ನ ಮಿದ್ದು ಹಾಲು ಹಾಕಿ ತಂದಳು. ಮೊದಲ ತುತ್ತು ಒಳಗೆ ಹೋದಾಗ ಸಿದ್ಧಲಿಂಗೇಶ ಎದ್ದು ಹಿತ್ತಲಿಗೆ ಹೋಗಿ, ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತ. ಅವನು ಬಸವಂತಪ್ಪನೊಡನೆ ಮತ್ತೆ ಸರಿಯಾಗಿ ಮಾತಾಡಿದ್ದು ಬೇಸಿಗೆಯಲ್ಲಿ.

ಶಿವರಾತ್ರಿಗೆ ಕಂತಿ ಕೇಳಿದ್ದ ಕೆಲವರು ಮತ್ತೆ ಬಸವಂತಪ್ಪನ ಬಳಿ ಬರಲಿಲ್ಲ. ವಸಂತಾ ಅತ್ತೆಯನ್ನು ಕೇಳಿ, ಅಕ್ರಿಲಿಕ್ಕೇ ಆಗಲಿ ಎಂದು ಅವರ ಲಿಂಗವನ್ನು ಕಳುಹಿಸಿದಳು. ಏಪ್ರಿಲಿನಲ್ಲಿ ಶಿವಬಸಮ್ಮ ವಿಮಾನ ಹತ್ತುವ ಮುನ್ನ ಬಸವಂತಪ್ಪ ಒಂದು ಚೀಟಿ ಬರೆದು ಅವರ ಪೂಜೆಯ ಸಂಪುಟದಲ್ಲಿಟ್ಟ. ಒಳಗಿನದು ಹಳೆಯ ಕಂತಿ, ಮೇಲಿನದು ಅಕ್ರಿಲಿಕ್, ಕಾವಿಗೆ ಹಿಡಿಯಬೇಡಿರಿ, ತಣ್ಣೀರಿನಲ್ಲಿ ಕೆರೆದು ತೆಗೆಯಿರಿ. ಕೆಳಗೆ ತನ್ನ ಹೆಸರು, ಫೋನ್ ನಂಬರು. ಮೇ ತಿಂಗಳಲ್ಲಿ ಊರಿನಿಂದ ಅಪರಿಚಿತ ದನಿಯೊಂದು ಕರೆ ಮಾಡಿ, ಚೀಟಿ ಓದಿದೆ, ಎಷ್ಟು ದಪ್ಪ ಹಾಕಿದ್ದೀರಿ ಎಂದು ಕೇಳಿತು. ಬಸವಂತಪ್ಪ ಅಳತೆ ಹೇಳಿದ. ನಾಲ್ಕು ದಿನ ಅವನು ಆ ಫೋನನ್ನು ಕೈಯಿಂದ ಇಳಿಸಲಿಲ್ಲ. ಐದನೆಯ ದಿನ, ಶಿಲೆಗೆ ಒಂದು ಗೀರೂ ಬೀಳದೆ ಹೊದಿಕೆ ಬಿಟ್ಟಿತೆಂಬ ಸುದ್ದಿ ಬಂತು.

ತಾಯಂದಿರೇ, ಬಂಧುಗಳೇ, ನಿಮ್ಮ ಪೈಕಿ ಅಂಗಡಿಯವರಿದ್ದೀರಿ, ಸೇತುವೆಯ ನಕ್ಷೆ ಬರೆಯುವವರಿದ್ದೀರಿ, ಮದ್ದು ಕೊಡುವವರಿದ್ದೀರಿ, ಹೋಳಿಗೆ ಮಾಡಿ ಮಾರುವವರೂ ಇದ್ದೀರಿ. ನಿಮ್ಮ ಕೈಯಿಂದ ಹೊರಗೆ ಹೋದ ವಸ್ತುವೊಂದರಲ್ಲಿ, ಪಡೆದವರು ಕೇಳಿದರೂ ನೀವು ಹೇಳದೆ ಉಳಿಸಿಕೊಂಡದ್ದು ಏನಾದರೂ ಇದ್ದರೆ, ಅದು ಇಂದು ಯಾರ ಬಾಯಲ್ಲಿ ತಿರುಗುತ್ತಿದೆಯೋ ನಿಮಗೆ ತಿಳಿಯದು. ಇಂದು ಸಂಜೆಯೊಳಗೆ ಅವರ ಮನೆಗೆ ಹೋಗಿರಿ, ಇಲ್ಲವೇ ಫೋನು ಮಾಡಿರಿ. ಭಯವಾಗುತ್ತದೆ, ಭಯದೊಡನೆಯೇ ಹೋಗಿರಿ. ಒಂದು ಚೀಟಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಕೊಟ್ಟು ಬನ್ನಿರಿ.